ಹಾಡು ತೆಗೆದವನ ಹೆಸರು

ಸಂಜೆ ಕಾರ್ನಿವಲ್ ಸ್ಪರ್ಧೆ. ಲಾ ತೇಹಾ ಬಡಾವಣೆಯ ಕ್ಲಬ್ಬಿನಲ್ಲಿ ಮುರ್ಗಾ ಎಂಬ ಕಾರ್ನಿವಲ್ ಹಾಡುಗಾರರ ಮೇಳದವರೆಲ್ಲ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದರು. ಬೊಕ್ಕ ಆಟದ ಕೊನೆಗೆ ಹಾಡಲೆಂದು ತಾನು ಬರೆದ ವಿದಾಯದ ಹಾಡನ್ನು ಇನ್ನೊಮ್ಮೆ ಓದಿಕೊಳ್ಳೋಣವೆಂದು ಇಲ್ದಾಳ ಲ್ಯಾಪ್‌ಟಾಪ್ ಎಳೆದುಕೊಂಡ. ಹಾಡು ಇರಬೇಕಾದ ಜಾಗದಲ್ಲಿ ಹಾಡು ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಅರ್ಧ ಬಣ್ಣದ ಮುಖದಲ್ಲೇ ಎದ್ದು ಬಾಗಿಲಿಗೆ ಹೋದ.

"ನನ್ನ ಹಾಡು ತೆಗೆದೋನು ಮನೆಗೆ ಬಂದು ಒಪ್ಕೊಳ್ಳಲಿ, ಬರ್ತೀನಿ. ಇಲ್ಲಾಂದ್ರೆ ನೀವೇ ಹಾಡ್ಕೊಳ್ಳಿ" ಎಂದು ಹೇಳಿ ಹೋಗಿಬಿಟ್ಟ.

ಹಾಡು ಎಲ್ಲರಿಗೂ ಬಾಯಿಪಾಠವಿತ್ತು. ಆದರೆ ಅದರ ಮೇಲಿನ ಸ್ವರ ಹಿಡಿಯಬಲ್ಲ ಗಂಟಲು ಇದ್ದದ್ದು ಬೊಕ್ಕನಿಗೊಬ್ಬನಿಗೆ. ಅವನಿಲ್ಲದೆ ಆ ಹಾಡಿಗಿಳಿದರೆ ಜನ ಬಾಟಲಿ ಎಸೆಯುವುದು ಗ್ಯಾರಂಟಿ. ಎಲ್ಲರ ಕಣ್ಣೂ ಇಲ್ದಾಳ ಮೇಲೆ ಬಿತ್ತು.

ಇಲ್ದಾ ಹಗಲು ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವವಳು, ಸಂಜೆ ಮೇಳದಲ್ಲಿ ಹಾಡುವವಳು. ಹಿಂದೆ ಹಾಡಿನ ಹಾಳೆಗಳು ಸುಟ್ಟ ಸಾಸೇಜಿನ ಎಣ್ಣೆ ಹೀರಿಕೊಂಡು ಸಾಯುತ್ತಿದ್ದವು. ಅದನ್ನು ನೋಡಲಾರದೆ ಈ ವರ್ಷ ಅವಳು ಸಾಹಿತ್ಯವನ್ನೆಲ್ಲ ಗಿಟ್ ಎಂಬ ತಂತ್ರಾಂಶಕ್ಕೆ ಹಾಕಿ, ತಿದ್ದುವುದು ಹೇಗೆಂದು ಪ್ರತಿಯೊಬ್ಬರಿಗೂ ಕಲಿಸಿದ್ದಳು. "ಇಲ್ಲಿ ಯಾವುದೂ ಕಳೆದುಹೋಗೋದೇ ಇಲ್ಲ. ಯಾರು, ಯಾವಾಗ, ಏನು ಬದಲಾಯಿಸಿದ್ರು, ಎಲ್ಲ ಬರ್ಕೊಂಡಿರುತ್ತೆ" ಎಂದು ಜಂಬ ಕೊಚ್ಚಿದ್ದಳು. ಈಗ ಆ ಜಂಬದ ಪರೀಕ್ಷೆ.

ಬದಲಾವಣೆಗಳ ಇತಿಹಾಸವನ್ನೆಲ್ಲ ಪಟ್ಟಿ ಮಾಡು ಎಂದು ಲ್ಯಾಪ್‌ಟಾಪಿಗೆ ಹೇಳಿದಳು. ಪಟ್ಟಿ ಬಂತು, ಬರುತ್ತಲೇ ಹೋಯಿತು. ಪ್ರತಿ ಬದಲಾವಣೆಯ ಜೊತೆ ಮಾಡಿದ್ದೇನೆಂದು ಒಂದು ಸಾಲು ಬರೆಯಿರಿ ಎಂದು ಅವಳೇ ಹೇಳಿಕೊಟ್ಟಿದ್ದಳು. ಅವರೂ ಬರೆದಿದ್ದರು. "ಸರಿ ಮಾಡಿದೆ." "ಈಗ ನಿಜವಾಗಿ ಸರಿ ಮಾಡಿದೆ." "ಮೊದಲೇ ಚೆನ್ನಾಗಿತ್ತು." "ಹಸಿವು." ಮನುಷ್ಯ ತನ್ನ ಕೆಲಸಕ್ಕೆ ತಾನೇ ಬರೆದುಕೊಳ್ಳುವ ವಿವರಣೆಯಷ್ಟು ನಾಚಿಕೆಗೇಡಿ ಸಾಹಿತ್ಯ ಇನ್ನೊಂದಿಲ್ಲ.

"ವಿದಾಯದ ಹಾಡಿನ ಕಡತ ಮುಟ್ಟಿದ್ದನ್ನ ಮಾತ್ರ ಸೋಸ್ತೀನಿ, ಇರಿ" ಎಂದಳು ಇಲ್ದಾ.

ಪಟ್ಟಿ ಚಿಕ್ಕದಾಯಿತು. ಎಲ್ಲಕ್ಕಿಂತ ಮೇಲೆ ನಿನ್ನೆಯ ಬದಲಾವಣೆ. ಕಡತವನ್ನೇ ತೆಗೆದುಹಾಕಲಾಗಿತ್ತು. ವಿವರಣೆ: "ಉದ್ದ ಆಯ್ತು." ಮಾಡಿದವರ ಹೆಸರು: ರೋಬ್ಸ್‌ಪಿಯರ್ ಕಬ್ರೆರಾ.

"ಯಾರಪ್ಪ ಇವನು?" ಎಂದ ದೊಡ್ಡ ಡೋಲಿನ ಗುಂಡ.

ಯಾರಿಗೂ ಗೊತ್ತಿರಲಿಲ್ಲ. ಮೇಳದಲ್ಲಿ ಇಲ್ದಾಳನ್ನು ಬಿಟ್ಟರೆ ಯಾರಿಗೂ ಹೆಸರಿಲ್ಲ, ಅಡ್ಡಹೆಸರೇ ಎಲ್ಲ. ಬೊಕ್ಕನ ತಲೆಯ ತುಂಬ ಕುರಿಯಂಥ ಕೂದಲು. ಯೌವನದಲ್ಲಿ ಯಾವುದೋ ಪಂದ್ಯಕ್ಕೆ ಒಮ್ಮೆ ಬೋಳಿಸಿದ್ದಕ್ಕೆ ಸಾಯುವ ತನಕ ಬೊಕ್ಕ. ಆದರೆ ಯಂತ್ರ "ನಿಮ್ಮ ಹೆಸರು?" ಎಂದು ಕೇಳಿದಾಗ ಈ ಮಹನೀಯರೆಲ್ಲ ಸರ್ಕಾರಿ ಕಚೇರಿಯೆಂದು ಹೆದರಿ, ಗುರುತಿನ ಚೀಟಿ ನೋಡಿಕೊಂಡು ಪೂರ್ತಿ ಹೆಸರು ತುಂಬಿದ್ದರು. ಈ ಹೆಸರುಗಳ ಕಡೆ ಇಲ್ದಾ ಇವತ್ತಿನ ತನಕ ಕಣ್ಣು ಹಾಯಿಸಿರಲಿಲ್ಲ.

"ಇದು ಬೊಕ್ಕನದೇ ಹೆಸರು" ಎಂದರು ಮೇಷ್ಟ್ರು. ಮೇಳಕ್ಕೆ ಕೈಬೀಸಿ ತಾಳ ಹಿಡಿಸುವವರು ಅವರು. ಎಲ್ಲರೂ ಕರೆಯುವುದೂ ಮೇಷ್ಟ್ರೆಂದೇ. "ತಾನೇ ತೆಗೆದು, ತಾನೇ ನಾಟಕ ಆಡ್ತಿದಾನೆ. ಬಿಟ್ಟಾಕಿ. ಆ ಹಾಡಿಲ್ದೆನೇ ಹೋಗೋಣ."

ಇಲ್ದಾಳನ್ನು ಮೇಳಕ್ಕೆ ಕರೆತಂದವನೇ ಬೊಕ್ಕ. ಅವನ ಮೇಲೆ ಕಳ್ಳತನ ಹೊರಿಸಿ ವೇದಿಕೆ ಹತ್ತುವುದು ಅವಳಿಂದಾಗದು. ಬರೆದವರ ಹೆಸರುಗಳನ್ನು ಮಾತ್ರ ಪಟ್ಟಿ ಮಾಡಿ, ಪರದೆಯನ್ನು ಎಲ್ಲರ ಕಡೆ ತಿರುಗಿಸಿದಳು.

"ಒಬ್ಬೊಬ್ರೇ ನಿಮ್ಮ ಹೆಸರು ಒಪ್ಕೊಳ್ಳಿ. ಉಳಿದಿದ್ದು ಅವನದು."

ಗಂಡಸರು ಕೆಮ್ಮಿದರು. ಕೊನೆಗೆ ಗುಂಡ ಡೋಲಿನ ಹಿಂದೆ ಮುಖ ಮರೆಸಿಕೊಂಡು, "ವಾಷಿಂಗ್ಟನ್ ಲಿಂಕನ್" ಎಂದ.

"ಎರಡೂ ನಿಂದೇನಾ?"

"ಅಪ್ಪಂಗೆ ಯಾವ್ದು ಬಿಡ್ಬೇಕು ಗೊತ್ತಾಗ್ಲಿಲ್ಲ ಕಣೆ."

ತಾಳ ಬಡಿಯುವ 'ಇರುವೆ'ಯ ನಿಜ ಹೆಸರು ಪ್ರಿಮಿತಿವೊ, ಅಂದರೆ ಆದಿಮ, ಎಂದು ಗೊತ್ತಾಗಿ ನಗು ತಡೆಯಲಾರದೆ ಗುಂಡ ಕುರ್ಚಿಯಿಂದ ಜಾರಿದ. ಹೀಗೆ ಒಂದೊಂದೇ ಹೆಸರು ಹೊಡೆದುಹಾಕುತ್ತ ಹೋದರು. ಉಳಿದದ್ದು ಎರಡು: ರೋಬ್ಸ್‌ಪಿಯರ್ ಮತ್ತು ಅನಾಕ್ಲೆತೊ. ಹೇಳದೆ ಉಳಿದವರೂ ಇಬ್ಬರು.

"ಮೇಷ್ಟ್ರೇ, ನಿಮ್ದು?"

ಮೇಷ್ಟ್ರು 'ಮಾತೆ' ಎಂಬ ಕಹಿ ಚಹಾದ ಸೋರೆಬುರುಡೆಗೆ ಬಿಸಿನೀರು ಹೊಯ್ದು, ಕೊಳವೆಯಲ್ಲಿ ನಿಧಾನವಾಗಿ ಹೀರಿದರು. "ಅನಾಕ್ಲೆತೊ. ಯಾಕೆ, ಅನುಮಾನಾನಾ?"

ಇಲ್ದಾ ಬೊಕ್ಕನ ಹೆಂಡತಿ ಸುಲ್ಮಾಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಸುಲ್ಮಕ್ಕಾ, ನಿಮ್ಮ ಯಜಮಾನ್ರ ಹೆಸರೇನು?"

"ಇಷ್ಟ್ ವರ್ಷ ಅವನ ಜೊತೆ ಕುಡಿದು ಕುಣಿದು ಮಾಡಿ, ಈಗ ಹೆಸರು ಕೇಳ್ತಿದೀರಾ? ನಿಮ್ಮ ಮುಖಕ್ಕಿಷ್ಟು. ಅನಾಕ್ಲೆತೊ ಕಣಮ್ಮ. ನನ್ನ ಮದ್ವೆ ಮಾಡ್ಸಿದ ಪಾದ್ರಿಗೂ ನಗು ಬಂದಿತ್ತು."

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಖಾಲಿ ಬುರುಡೆಯನ್ನೇ ಗೊರಗೊರ ಹೀರುತ್ತಿದ್ದರು.

ಹೆಸರು ಸಿಕ್ಕ ಮೇಲೆ ಇಲ್ದಾಳ ಕೈ ಸುಮ್ಮನಿರಲಿಲ್ಲ. ಅನಾಕ್ಲೆತೊ ಮಾಡಿದ ಬದಲಾವಣೆಗಳನ್ನಷ್ಟೇ ಸೋಸಿದಳು. ಬೊಕ್ಕನ ಸಾಲುಗಳು ಪರದೆಯ ಮೇಲೆ ಒಂದರ ಕೆಳಗೊಂದು ಬಂದು ನಿಂತವು. ಇಲ್ದಾ ಹಳೆಯದರಿಂದ ಓದತೊಡಗಿದಳು.

"ಹಾಡು ಬರೆದೆ. ಮೇಷ್ಟ್ರಿಗೆ ಹಿಡಿಸಬಹುದು." "ಮೇಷ್ಟ್ರು ಏನೂ ಅನ್ನಲಿಲ್ಲ, ಕೊನೆ ಬದಲಾಯಿಸಿದೆ." "ಮೇಷ್ಟ್ರು ಪರವಾಗಿಲ್ಲ ಅಂದರು, ಮತ್ತೆ ಬದಲಾಯಿಸಿದೆ." "ಇವತ್ತು ಮುಖ ತಿರುಗಿಸಿಕೊಂಡರು. ಹಳೆಯದನ್ನೇ ವಾಪಸ್ ಹಾಕಿದೆ."

ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಮೇಷ್ಟ್ರು ಬುರುಡೆ ಕೆಳಗಿಟ್ಟು ಎದ್ದರು. "ಸ್ಕೂಟರ್ ತೆಗಿ, ಇಲ್ದಾ" ಎಂದರು.

ಬಾಗಿಲು ತೆರೆದವನು ಬೊಕ್ಕನೇ. ಅರ್ಧ ಮುಖ ಹಸಿರು, ಅರ್ಧ ಮುಖ ಸಿಟ್ಟು.

"ಹೇಳಿ. ಯಾರು ತೆಗೆದಿದ್ದು?"

"ರೋಬ್ಸ್‌ಪಿಯರ್ ಕಬ್ರೆರಾ" ಎಂದರು ಮೇಷ್ಟ್ರು, ನೆಲ ನೋಡುತ್ತ.

"ಅವನ್ಯಾವನು? ಹೊರಗಿನೋರ ಕೈಗೆಲ್ಲ ನಮ್ಮ ಹಾಡು ಕೊಟ್ರಾ? ಕರ್ಕೊಂಡ್ ಬನ್ನಿ ಅವನನ್ನ, ಮುಖ ನೋಡ್ಬೇಕು."

"ಬಂದಿದಾನೆ ಕಣೋ."

ಬೊಕ್ಕ ಮೇಷ್ಟ್ರ ಭುಜದಾಚೆ ಇಣುಕಿದ. ಅಲ್ಲಿ ಇಲ್ದಾ, ಸ್ಕೂಟರು, ಎದುರುಮನೆಯ ನಾಯಿ. ಮತ್ತೆ ಮೇಷ್ಟ್ರನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಗಿಲು ಹಿಡಿದುಕೊಂಡು ನಗತೊಡಗಿದ.

"ರೋಬ್ಸ್‌ಪಿಯರ್! ಅಯ್ಯೋ, ನಿಮ್ಮಪ್ಪಂಗೆ ನಿಮ್ಮ ಮೇಲೆ ಏನ್ ದ್ವೇಷ ಇತ್ತು ಮೇಷ್ಟ್ರೇ?"

"ನಗು, ನಗು. ಮೊದ್ಲು ಕೇಳು." ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಸುಕಿದರು. "ಆ ಹಾಡು ಶುರುವಾದ್ರೆ ನಂಗೆ ಅಳು ಬರುತ್ತೆ. ಮೊದಲ ಸಾಲಿಗೇ. ಕೈ ನಡುಗಿ ತಾಳ ತಪ್ಪುತ್ತೆ. ಮುಖ ತಿರುಗಿಸ್ಕೊಂಡು ತಿರುಗಿಸ್ಕೊಂಡು ಸಾಕಾಯ್ತು. ಅಷ್ಟು ಜನರ ಮುಂದೆ ಹ್ಯಾಗೋ ಅಳ್ಲಿ? ತೆಗೆದ್ಬಿಟ್ಟೆ."

ಬೊಕ್ಕನ ನಗು ನಿಂತಿತು. "ನಿಜವಾಗ್ಲೂ ಅಳು ಬರುತ್ತಾ?"

"ಬರುತ್ತೆ ಅಂದ್ನಲ್ಲ."

"ಮತ್ತೆ ಪರವಾಗಿಲ್ಲ ಅಂದ್ರಿ?"

"ಇನ್ನೇನ್ ಅನ್ಲಿ? ಮನೆಗೆ ಬಂದು ಅಳ್ಲಾ?"

"ಈಗ ಬಂದಿದೀರಲ್ಲ" ಎಂದ ಬೊಕ್ಕ. ಮೇಷ್ಟ್ರ ಕಣ್ಣು ಆಗಲೇ ತುಂಬಿತ್ತು. ಬೊಕ್ಕ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತು, ಬಣ್ಣವಿಲ್ಲದ ಕೆನ್ನೆಯನ್ನು ಇಲ್ದಾಳ ಕಡೆ ತಿರುಗಿಸಿದ. "ಬೇಗ ಬಳಿಯಮ್ಮ. ಇವರು ಅಳೋದನ್ನ ಊರೆಲ್ಲ ನೋಡ್ಬೇಕು."

ಅವತ್ತು ಬೊಕ್ಕ ವಿದಾಯದ ಹಾಡನ್ನು ಪ್ರೇಕ್ಷಕರಿಗೆ ಬೆನ್ನು ಮಾಡಿ, ಮೇಷ್ಟ್ರ ಮುಂದೆಯೇ ನಿಂತು ಹಾಡಿದ. ಕಣ್ಣೀರಿಗೆ ಮೇಷ್ಟ್ರ ಮುಖದ ಕೆಂಪು ಬಣ್ಣ ಕತ್ತಿನ ತನಕ ಇಳಿಯಿತು. ಅವರ ಕೈ ಎತ್ತಲೋ ಹೋಗಿ, ಗುಂಡನ ಡೋಲು ಇನ್ನೆತ್ತಲೋ ಹೋಗಿ, ಹಾಡು ಮುಗಿಯುವಾಗ ಯಾವ ಇಬ್ಬರೂ ಒಂದೇ ತಾಳದಲ್ಲಿರಲಿಲ್ಲ. ಮೇಳಕ್ಕೆ ಕೊನೆಯಿಂದ ಎರಡನೇ ಸ್ಥಾನ ಬಂತು. ಬೊಕ್ಕ ಮಾತ್ರ ಇಂದಿಗೂ ಆ ವರ್ಷ ತಾನೇ ಗೆದ್ದದ್ದೆಂದು ಹೇಳಿಕೊಂಡು ತಿರುಗುತ್ತಾನೆ.