ಹಿರೇ ಹೆಂಡತಿಯ ಉಡಿ

ಮೂಡಲಗಿಯ ಮಾಲಿಂಗಪ್ಪನ ಬಾಯಿ ಸುಮ್ಮನಿರುವುದಿಲ್ಲ. ಗೋಕಾಕಕ್ಕೆ ಹೆಣ್ಣು ನೋಡಲು ಹೋದವನು ಅವಲಕ್ಕಿ ತಿಂದು, ತಲೆ ತಗ್ಗಿಸಿ ಎದ್ದು ಬರಬೇಕೋ ಬೇಡವೋ? ದುಂಡವ್ವ ಚಹಾ ಇಟ್ಟು, ಒಮ್ಮೆ ಕಣ್ಣೆತ್ತಿ ನೋಡಿ ಒಳಗೆ ಹೋದದ್ದೇ ತಡ, ಇವನಿಗೆ ಹಿಗ್ಗು ತಡೆಯದಾಯಿತು. ಅಂಗಳದಲ್ಲಿ ನಿಂತಿದ್ದ ತನ್ನ ಬಾಡಿಗೆ ಮೋಟಾರಿನತ್ತ ಕೈ ಮಾಡಿ, "ಅಕಿ ನನ್ನ ಹಿರೇ ಹೇಣ್ತಿರಿ! ಅಕಿ ದುಡದ ಹಾಕ್ತಾಳ, ನಾ ಉಣ್ತೇನಿ," ಎಂದುಬಿಟ್ಟ. ಕೂತವರೆಲ್ಲ ನಕ್ಕರು. ಹುಡುಗಿಯ ಅಜ್ಜಿ ಭರಮವ್ವ ಮಾತ್ರ ನಗದೆ ಎದ್ದು ಒಳಗೆ ಹೋದಳು.

ಹುಡುಗಿಯ ಅಪ್ಪ ಶೆಟ್ಟೆಪ್ಪ ಎತ್ತುಗಳ ಹೊರತು ಯಾರನ್ನೂ ನಂಬಿದವನಲ್ಲ.

"ಎತ್ತಾದ್ರ ಹಲ್ಲು ನೋಡಬಹುದು, ಇದಕ್ಕೇನ ನೋಡ್ಲಿ? ಹುಕ್ಕೇರ್ಯಾಗ ನಮ್ಮ ಅಣ್ಣ ಅದಾನ. ಹೊತ್ತ ಮುಳಗೂದ್ರಾಗ ನನ್ನ ಅಲ್ಲಿ ಮುಟ್ಟಸು, ಮದವಿ ಗಟ್ಟಿ ಮಾಡಿ ಸಕ್ಕರಿ ಹಂಚೂಣು. ನಾ ನಡಕೊಂಡ ಮನೀಗಿ ಹೊಳ್ಳಿ ಬರೂ ಹಂಗಾತಂದ್ರ, ಹೆಣ್ಣಿನ ಮಾತ ಮರತಬಿಡು."

"ಆತ್ರಿ! ಹಾರಿಸಿಕೊಂಡ ಹೋಗ್ತೇನಿ," ಎಂದ ಮಾಲಿಂಗಪ್ಪ.

ಶೆಟ್ಟೆಪ್ಪ ಮುಂದೆ ಕೂತ. ಭರಮವ್ವ ತಾನೂ ಬರುತ್ತೇನೆಂದು ಹಿಂದೆ ಕಂಬಳಿ ಹಾಸಿಕೊಂಡು ಕೂತಳು. ಊರು ದಾಟುವವರೆಗೆ ಮೋಟಾರು ಕೆಮ್ಮುತ್ತ ಕೆಮ್ಮುತ್ತ ನಡೆಯಿತು. ಗೋಕಾಕ ಫಾಲ್ಸಿನ ಏರು ಶುರುವಾದ ಕೂಡಲೇ ಅದರ ಜೀವವೇ ಉಡುಗಿತು. ತುಳಿದಷ್ಟೂ ಒದರುತ್ತದೆ, ಮುಂದೆ ಮಾತ್ರ ಹೋಗದು. ರಸ್ತೆ ಬದಿಯಲ್ಲಿ ಮೇಯುತ್ತ ಬಂದ ಕುರಿಗಳು ಇವರನ್ನು ದಾಟಿ ಹೋದವು. ಕೊನೆಗೆ ಮೋಟಾರು ನಿಂತೇಬಿಟ್ಟಿತು.

ಮಾಲಿಂಗಪ್ಪ ಬಾನೆಟ್ ಎತ್ತಿದ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚಟಚಟ ಹಾರುತ್ತದೆ. ಪೆಟ್ರೋಲಿನ ನಳಿಗೆ ಬಾಯಿಟ್ಟು ಎಳೆದರೆ ಬಾಯಿ ತುಂಬ ಪೆಟ್ರೋಲು. ಥೂ ಥೂ ಎಂದು ಉಗುಳಿದ. ಎಲ್ಲ ಸರಿಯಿದೆ, ಶಕ್ತಿ ಮಾತ್ರ ಇಲ್ಲ!

"ಹೊಟ್ಟಿ ಉಬ್ಬರಿಸೇತಿ. ಕಬ್ಬಣ ಕಾಸಿ ಒಂದ ಬರಿ ಎಳೀರಿ," ಎಂದ ಕುರಿ ಕಾಯುವವನೊಬ್ಬ.

"ಪೆಟ್ರೋಲ್ ಐತೋ ಯಪ್ಪಾ, ನಾವೆಲ್ಲಾ ಸುಟ್ಟ ಹೋಗ್ತೇವಿ!" ಎಂದು ಮಾಲಿಂಗಪ್ಪ ಕೈ ಮುಗಿದ.

ಶೆಟ್ಟೆಪ್ಪ ಧೋತರ ಮೇಲಕ್ಕೆ ಕಟ್ಟಿ ಊರಿನ ಕಡೆ ಮುಖ ಮಾಡಿದ. ಮಾಲಿಂಗಪ್ಪ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ. ದುಂಡವ್ವನ ಆ ಒಂದು ನೋಟ ಹೋಯಿತಲ್ಲ! ಕಿಡಿ ಇದೆ, ಎಣ್ಣೆ ಇದೆ, ಉಸಿರು ಒಳಗೆ ಹೋಗುತ್ತದೆ. ಹಾಗಾದರೆ ಹೊರಗೆ ಬರುತ್ತದೆಯೋ ಇಲ್ಲವೋ?

"ಒಂದ ಸಲ ಇಂಜಿನ್ನಿನ ಈ ಹ್ಯಾಂಡಲ್ ತಿರುವಿ ಹೋಗ್ರಿ, ನಿಮ್ಮ ಕಾಲ ಬೀಳ್ತೇನಿ," ಎಂದು ಅವನನ್ನು ತಡೆದು, ತಾನು ಹಿಂದೆ ಹೋಗಿ ಹೊಗೆ ಕೊಳವೆಗೆ ಅಂಗೈ ಹಿಡಿದ. ಶೆಟ್ಟೆಪ್ಪ ತಿರುವಿದ. ಕೈಗೆ ಗಾಳಿಯ ಸುಳಿವೇ ಇಲ್ಲ. ಬಗ್ಗಿ ನೋಡಿದರೆ ಒಳಗೆ ಹಸಿರು ಅಂಚು! ಜಗ್ಗಿದ, ಉದ್ದಕ್ಕೆ ಬಂತು.

"ಗುಳೇದಗುಡ್ಡದ ಕುಬಸದ ಖಣ! ನಮ್ಮ ಪೆಟ್ಟಿಗ್ಯಾಗಿಂದು!" ಎಂದ ಶೆಟ್ಟೆಪ್ಪ.

ಭರಮವ್ವ ದಡಕ್ಕನೆ ಇಳಿದು ಬಂದಳು. "ಏ, ಕೈ ತಗೀ! ಹಿರೇ ಹೇಣ್ತಿ ಮೊದಲನೇ ಸಲ ಮನೀಗಿ ಬಂದಾಳ, ಉಡಿ ತುಂಬದ ಕಳಸಾಕ ನಾವೇನ ಮನಷ್ಯಾರ ಅಲ್ಲೇನು? ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಎಲ್ಲಾ ಕೋಲಲೆ ಒತ್ತಿ ತುಂಬೇನಿ. ಕೊಬ್ಬರಿ ಬಟ್ಟಲ ಒಂದ ಹಿಡೀಲಿಲ್ಲ."

"ಅಜ್ಜೀ, ಅದು ಉಡಿ ಅಲ್ಲ. ಅದು ಅಕಿದು..." ಮಾಲಿಂಗಪ್ಪ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಹಿರಿಯಳ ಮುಂದೆ ಅದನ್ನು ಹೇಳುವುದು ಹೇಗೆ?

"ತುಂಬಿದ ಉಡೀನ ಬೀದ್ಯಾಗ ಚೆಲ್ಲಿದ್ರ ಮೊಮ್ಮಗಳನ್ನ ಕೊಡಾಕ ನಾ ಬಿಡಂಗಿಲ್ಲ!"

ತೆಗೆದರೆ ಅಜ್ಜಿ ಹೆಣ್ಣು ಕೊಡಳು, ತೆಗೆಯದಿದ್ದರೆ ಅಪ್ಪ ಕೊಡನು. ಮಾಲಿಂಗಪ್ಪನಿಗೆ ಅಳುವೇ ಬಂತು. "ಮತ್ತ ನಾ ಏನ ಮಾಡ್ಲಿ ಯವ್ವಾ?"

ಅಜ್ಜಿ ಕೊಳವೆಯತ್ತ ಕೈ ಮಾಡಿದಳು. "ಇನ್ನೊಂದ ಉಡ್ಯಾಗ ಹಾಕಬೇಕು. ಅದು ಕಿರೇ ಹೇಣ್ತಿ ಹಕ್ಕು. ದುಂಡಿ ಮನ್ಯಾಗ ಅದಾಳ. ಅಕಿ ಹೆಸರಲೆ ಅಪ್ಪ ಹಿಡೀಲಿ."

"ನಾ? ಉಡಿ ಹಿಡೀಬೇಕಾ? ಇಷ್ಟ ದೊಡ್ಡ ಮೀಸಿ ಇಟಗೊಂಡು?"

"ಹಡದಾಕಿ ಹೇಳಾಕತ್ತೇನಿ, ಹಿಡಿ!"

ತಾಯಿಯ ಮಾತು ಮೀರುವ ಧೈರ್ಯ ಶೆಟ್ಟೆಪ್ಪನಿಗೆ ಎಂದೂ ಇರಲಿಲ್ಲ. ಕುರಿ ಕಾಯುವವರು ನೋಡುತ್ತಿರಲು, ಧೋತರದ ಮುಂಭಾಗ ಒಡ್ಡಿ ಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮಾಲಿಂಗಪ್ಪ ತಂತಿ ಹಾಕಿ ಕೆದಕಿದ, ಅರ್ಧ ಬಂತು. ಉಳಿದದ್ದಕ್ಕೆ ಮೋಟಾರು ಚಾಲೂ ಮಾಡಿ ಜೋರಾಗಿ ತುಳಿದ. ಢಂ! ಕರಿ ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಎಲ್ಲ ಶೆಟ್ಟೆಪ್ಪನ ರುಮಾಲು, ಮೀಸೆ, ಉಡಿಯ ಮೇಲೆ ಬಿದ್ದವು. ಮೋಟಾರು ಹಳೆಯ ದನಿಯಲ್ಲಿ ಗುಡುಗಿತು.

"ಮುಗೀತು! ಹಿರೇ ಹೇಣ್ತಿ ಕೊಟ್ಲು, ಕಿರೇ ಹೇಣ್ತಿ ಹೆಸರಲೆ ನೀ ಇಸಗೊಂಡಿ," ಎಂದಳು ಭರಮವ್ವ. "ಉಡಿ ಹಿಡದ ಮ್ಯಾಲ ಹೆಣ್ಣ ಕೊಡಂಗಿಲ್ಲ ಅನ್ನಾಕ ಬರಂಗಿಲ್ಲ. ಹುಕ್ಕೇರ್ಯಾಗ ಇನ್ನ ಸಕ್ಕರಿ ಹಂಚೂದಷ್ಟ."

ಮಾಲಿಂಗಪ್ಪ ಓಡಿ ಬಂದು, "ಮಾವಾರ, ಆಶೀರ್ವಾದ ಮಾಡ್ರಿ!" ಎಂದು ಕಾಲಿಗೆ ಬಿದ್ದ.

ಶೆಟ್ಟೆಪ್ಪನ ಎರಡೂ ಕೈ ಉಡಿ ಹಿಡಿದಿದ್ದವು. ಒಂದನ್ನು ಬಿಟ್ಟರೆ ಚೆಲ್ಲುತ್ತದೆ, ಚೆಲ್ಲಿದರೆ ತಾಯಿ ಬಿಡುವುದಿಲ್ಲ. ಮೀಸೆಯ ಅಕ್ಕಿಯನ್ನು ಉಫ್ ಎಂದು ಊದಿ, "ಮೊದಲ ಬಾಗಲಾ ತಗೀರಿ ಅಳಿಯಂದ್ರ, ನನ್ನ ಕೈ ಖಾಲಿ ಇಲ್ಲ," ಎಂದ.