ಒಂದೂವರೆ ಸುತ್ತು ಸಡಿಲ

ನಮ್ಮ ಕೆರಿಬಿಯನ್ ಕಡಲೂರು ಬರಹೋನದಲ್ಲಿ ತಗಡಿನ ಸೂರು ಹಾಕುವವರು ನಾನಲ್ಲದೆ ಇನ್ನೂ ಹತ್ತು ಜನ ಇದ್ದಾರೆ. ಆದರೆ ಕೆಲಸ ಮುಗಿಸಿದ ಮನೆಗೆ ಮತ್ತೆ ಮತ್ತೆ ಕರೆಸಿಕೊಳ್ಳುವವನು ನಾನೊಬ್ಬನೇ. ಗುಟ್ಟು ಹೇಳಿದರೆ ನನ್ನನ್ನು ವಿಲನ್ ಅನ್ನುತ್ತೀರಿ. ಅನ್ನಿ. ಹೀರೋ ಪಾತ್ರಕ್ಕೆ ನನ್ನನ್ನು ಯಾರೂ ಕೇಳಿಲ್ಲ.

ಸೆಲ್ಫ್ ಡ್ರಿಲ್ ಸ್ಕ್ರೂ ಅಂದರೆ ತುದಿಯಲ್ಲೇ ಕೊರೆಯುವ ಅಲಗಿರುವ ಸ್ಕ್ರೂ. ಮೊದಲು ತೂತು ಮಾಡಬೇಕಾಗಿಲ್ಲ. ಮಷೀನಿಗೆ ಸಿಕ್ಕಿಸಿ ಒತ್ತಿದರೆ ತಾನೇ ತಗಡು ಕೊರೆದು, ಕೆಳಗಿನ ಮರದ ರೀಪಿಗೆ ಕಚ್ಚಿಕೊಳ್ಳುತ್ತದೆ. ತಲೆಯ ಕೆಳಗೊಂದು ರಬ್ಬರ್ ವಾಷರ್. ಅದು ಹದವಾಗಿ ಒತ್ತಿ ಕೂತರೆ ಒಂದು ಹನಿಯೂ ಇಳಿಯುವುದಿಲ್ಲ. ಜಾಸ್ತಿ ಬಿಗಿದರೆ ರಬ್ಬರ್ ಹಿಸುಕಿಹೋಗುತ್ತದೆ. ಒಂದೂವರೆ ಸುತ್ತು ಸಡಿಲ ಬಿಟ್ಟರೆ, ಗಾಳಿಮಳೆ ಬಂದಾಗ ಮಾತ್ರ ತಟಕ್, ತಟಕ್.

ಬೀದಿಯವರೆಲ್ಲ ದೋನ್ಯಾ, ಅಂದರೆ ಅಮ್ಮಾವ್ರೇ, ಅಂತ ಕರೆಯುವ ಯುಫೆಮಿಯಾ ಅವರ ಮನೆಯಲ್ಲಿ ಹಾಗೊಂದು ಸ್ಕ್ರೂ ಬಿಟ್ಟೆ. ಬೇಕಂತಲೇ.

ನನ್ನದು ಬಂದರಿನ ಹಿಂದೆ ಒಂದೇ ಕೋಣೆ. ಅಲ್ಲಿ ಮಾತಾಡುವುದು ಟೀವಿ ಮಾತ್ರ. ಹಳೇ ಫೈಟಿಂಗ್ ಪಿಕ್ಚರುಗಳ ಡೈಲಾಗೆಲ್ಲ ಬಾಯಿಪಾಠ. ತಟ್ಟೆ ಮುಂದೆ ಕೂತು ಹೀರೋನದೂ ವಿಲನ್‌ನದೂ ನಾನೇ ಹೇಳಿಕೊಳ್ಳುತ್ತೇನೆ. ದೋನ್ಯಾ ಮನೆಗೆ ಸೂರು ಹಾಕಿದ ಮೂರು ದಿನವೂ ಮಧ್ಯಾಹ್ನ ಮೇಜಿಗೆ ನನಗೊಂದು ಕುರ್ಚಿ ಎಳೆದಿದ್ದರು. ಅನ್ನ, ಕೆಂಪು ಕಾಳಿನ ಸಾರು, ಕೋಳಿ. ಪಾತ್ರೆಯ ತಳ ಹಿಡಿದ ಅನ್ನದ ಚಕ್ಕೆಗಾಗಿ ಅವರ ತಮ್ಮ ತೀಲೋ ನನ್ನ ಜೊತೆ ಜಗಳಕ್ಕೇ ಬಿದ್ದಿದ್ದ. ಜಗಳವಾಡಲು ಒಬ್ಬ ಮನುಷ್ಯ ಸಿಕ್ಕಿ ಎಷ್ಟು ಕಾಲವಾಗಿತ್ತೋ.

ಮೊದಲ ಮಳೆಗೇ ಫೋನ್ ಬಂತು.

“ಲೆಯೂರಿಸ್, ಮಗನೇ, ನಿನ್ನ ಸೂರು ಅಳ್ತಿದೆ ಕಣೋ.”

“ಬಂದೆ ದೋನ್ಯಾ. ಕಣ್ಣೀರು ಒರೆಸೋಕೆ ಅಂತಾನೇ ಹುಟ್ಟಿದವನು ನಾನು.”

“ಡೈಲಾಗ್ ಆಮೇಲೆ ಹೊಡಿ. ಏಣಿ ತಗೊಂಡು ಬಾ.”

ಹೋಗಿ ಆ ಸ್ಕ್ರೂ ಬಿಗಿದೆ, ಪಕ್ಕದ್ದನ್ನು ಸಡಿಲ ಮಾಡಿದೆ, ಊಟಕ್ಕೆ ಕೂತೆ. ಅದೇ ಸಾಲಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚುತ್ತಾ ಬಿಗಿಯುತ್ತಾ ನಾಲ್ಕು ತಿಂಗಳು ಕಳೆದೆ. ಪ್ರತಿ ಸಲವೂ ತೀಲೋ ಡೊಮಿನೋ ಬಿಲ್ಲೆ ಕುಟ್ಟುತ್ತಾ ಕೇಳುತ್ತಿದ್ದ.

“ಏನ್ ಮೇಸ್ತ್ರಿ, ಸೂರು ಹಾಕಿದ್ಯೋ, ಜರಡಿ ಹಾಕಿದ್ಯೋ?”

“ಜರಡೀನೇ. ನಿನ್ನ ತಲೆ ಮೇಲೆ ನೀರು ಬಿದ್ರೆ ಬುದ್ಧಿ ಮೊಳಕೆ ಒಡೆಯುತ್ತೇನೋ ಅಂತ.”

ಸೆಪ್ಟೆಂಬರಿನಲ್ಲಿ ರೇಡಿಯೋದವರು ಚಂಡಮಾರುತ ಅಂದರು. ಎರಡು ದಿನ ಬಾಕಿ. ಸಡಿಲ ಸ್ಕ್ರೂ ಮಳೆಗೆ ಒಂದು ಹನಿ ದಾರಿ ಬಿಡುತ್ತದೆ, ಚಂಡಮಾರುತಕ್ಕಾದರೆ ಬೆರಳು ತೂರಿಸುವಷ್ಟು ಜಾಗ ಕೊಡುತ್ತದೆ. ಬೆರಳು ಸಿಕ್ಕರೆ ಗಾಳಿ ಇಡೀ ತಗಡನ್ನೇ ಕಿತ್ತುಕೊಂಡು ಹೋಗುತ್ತದೆ. ಆ ತಗಡಿನ ಕೆಳಗೇ ದೋನ್ಯಾ ಮಲಗುವುದು.

ಯಾರೂ ಕರೆಯದಿದ್ದರೂ ಬೆಳಿಗ್ಗೆಯೇ ಏಣಿ ಹೊತ್ತು ಹೋದೆ. ನಾಲ್ಕನ್ನೂ ಬಿಗಿದು ಬಂದರಾಯಿತು ಅಂದುಕೊಂಡಿದ್ದೆ. ಮಷೀನ್ ಇಟ್ಟರೆ ಸ್ಕ್ರೂ ಸುಮ್ಮನೆ ಗಿರಗಿರ ತಿರುಗಿತು. ಮುಂದಿನದೂ ಹಾಗೇ. ಈ ಸ್ಕ್ರೂ ತನ್ನ ತೂತನ್ನು ಒಂದೇ ಸಲ ಕೊರೆಯುವುದು. ಅದೇ ತೂತಲ್ಲಿ ಆಟ ಆಡಿದರೆ ಮರ ಸವೆದುಹೋಗುತ್ತದೆ. ಸಾಲದ್ದಕ್ಕೆ ನಾಲ್ಕು ತಿಂಗಳು ನೀರು ಕುಡಿದು ರೀಪು ಮೆತ್ತಗಾಗಿತ್ತು.

ಕೆಳಗಿಳಿದೆ. “ದೋನ್ಯಾ, ಮಂಚ ಸರಿಸ್ಬೇಕು. ಹೊಸ ರೀಪು ಹೊಡೀಬೇಕು.”

“ಇದೂ ಹೊಸದೇ ಅಲ್ವಾ? ಅದಕ್ಕೇನಾಯ್ತು?”

ನಾಲಿಗೆಯ ತುದಿಯಲ್ಲಿ ಸುಳ್ಳುಗಳು ಸಾಲುಗಟ್ಟಿದ್ದವು. ಮರ ಸರಿಯಿಲ್ಲ, ಸಮುದ್ರದ ಉಪ್ಪುಗಾಳಿ, ಇನ್ನೇನೇನೋ. ಅಷ್ಟರಲ್ಲಿ ತಲೆದಿಂಬು ಇರಬೇಕಾದ ಜಾಗದಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಿ ಕಂಡಿತು. ಹನಿ ಹಿಡಿಯಲು ಇಟ್ಟದ್ದು. ದಿಂಬು ಮಂಚದ ಕಾಲ ಕಡೆಗಿತ್ತು.

“ಪ್ರತಿ ಸಲಾನೂ ನಾನೇ ಸಡಿಲ ಬಿಟ್ಟಿದ್ದು,” ಅಂದೆ.

“ಯಾಕೋ?”

“ಊಟಕ್ಕೆ ಕರೀತೀರಲ್ಲ, ಅದಕ್ಕೆ.”

“ಹಸಿವಾದ್ರೆ ಬಾಯಿಬಿಟ್ಟು ಕೇಳ್ಬಾರ್ದಾ?”

“ಹಸಿವಲ್ಲ, ದೋನ್ಯಾ.”

ಅವರು ಡಬ್ಬಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ತೀಲೋನಿಂದ ಒಂದು ತಮಾಷೆಯಾದರೂ ಬರಲಿ ಅಂತ ಕಾದೆ. ಅವನು ಮಂಚದ ಇನ್ನೊಂದು ತುದಿ ಹಿಡಿದ, ಅಷ್ಟೇ.

ಇಡೀ ದಿನ ದುಡಿದೆ. ಹೊಸ ರೀಪು ಹೊಡೆದು, ತಗಡಿನ ಉಬ್ಬುಗಳ ಮೇಲೆ ಹೊಸ ಸ್ಕ್ರೂ ಕೂರಿಸಿ, ಹಳೇ ತೂತುಗಳಿಗೆ ಅಂಟು ತುಂಬಿದೆ. ಒಂದೊಂದು ವಾಷರನ್ನೂ ಬೆರಳಲ್ಲಿ ಮುಟ್ಟಿ ನೋಡಿದೆ. ಮಧ್ಯಾಹ್ನ ತೀಲೋ ಏಣಿ ಹತ್ತಿ ತಟ್ಟೆ ಕೊಟ್ಟು ಇಳಿದುಹೋದ. ಸೂರಿನ ಮೇಲೆ ಒಬ್ಬನೇ ಕೂತು ತಿಂದೆ. ಕೆಳಗೆ ಚಮಚಗಳ ಸದ್ದು ಕೇಳಿಸುತ್ತಿತ್ತು.

ಚಂಡಮಾರುತ ಬಂದು ಹೋಯಿತು. ಆ ಬೀದಿಯಲ್ಲಿ ಆರು ಮನೆಗಳ ಸೂರು ಹಾರಿತು. ದೋನ್ಯಾ ಮನೆಯದು ಅಲುಗಲಿಲ್ಲ. ಆಮೇಲೆ ಮೂರು ವಾರ ಮಳೆ. ಪ್ರತಿ ಮಳೆಗೂ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ಸರಿಯಾಗಿ ಹಾಕಿದ ಸೂರಿನಿಂದ ಫೋನ್ ಬರುವುದಿಲ್ಲ ಅಂತ ಗೊತ್ತಿದ್ದೂ.

ನಾಲ್ಕನೇ ಭಾನುವಾರ ಏಣಿ ಇಲ್ಲದೆ, ಮಷೀನ್ ಇಲ್ಲದೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ನನ್ನ ನೆರಳು ಕಂಡು ಡೊಮಿನೋ ಸದ್ದು ನಿಂತಿತು.

“ನಾವು ಕರೆದಿಲ್ವಲ್ಲ,” ಅಂದರು ದೋನ್ಯಾ ಒಳಗಿಂದ. “ಸೋರ್ತಾನೂ ಇಲ್ಲ.”

“ಗೊತ್ತು.”

“ಮತ್ತೆ ಏನು ಕೆಲಸ?”

“ಕೆಲಸ ಏನಿಲ್ಲ, ದೋನ್ಯಾ. ಸುಮ್ನೆ ಬಂದೆ.”

ಬಾ ಅಂತ ಯಾರೂ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ.