ಬಾವಿಗಿಳಿಯದ ಅತ್ತೆ

ಸಾತವ್ವ ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು ನೀರು ಸೋಸುತ್ತಿದ್ದಳು. ಕೊಡ ಬಗ್ಗಿಸುವಾಗ ಎಡಪಾದ ಕೆಂಡ ತುಳಿದಂತೆ ಉರಿಯಿತು. ಸೀರೆ ಸರಿಸಿ ನೋಡಿದರೆ ಬೊಬ್ಬೆ. ನಾರುಹುಣ್ಣೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಮಗಳು ಚಂದ್ರವ್ವನಿಗೂ ಹೀಗೇ ಎದ್ದಿತ್ತು. ಉರಿ ತಾಳದೆ ಹುಡುಗಿ ಮೆಟ್ಟಿಲಬಾವಿಗಿಳಿದು ನೀರಿನಲ್ಲಿ ಕಾಲಿಟ್ಟು ಕೂತಿದ್ದಳು. ಬೊಬ್ಬೆಯೊಡೆದು ಹುಳ ಹೊರಬಂತು. ಅದನ್ನು ದಿನಾ ಇಷ್ಟಿಷ್ಟೇ ಕಡ್ಡಿಗೆ ಸುತ್ತುವ ತಾಳ್ಮೆಯಿಲ್ಲದೆ ಅವಳಪ್ಪ ಹಣಮಪ್ಪ ಜಗ್ಗಿದ; ಹುಳ ಒಳಗೇ ತುಂಡಾಯಿತು. ಕಾಲು ಕೀವುಗಟ್ಟಿ ಜ್ವರವೇರಿ, ಬೆಳಗಾವಿಯ ದವಾಖಾನೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಓಣಿಯ ಹೆಂಗಸರು ಈ ಮನೆಯವರನ್ನು ಬಾವಿಗಿಳಿಯಲು ಬಿಟ್ಟಿರಲಿಲ್ಲ. ಮೇಲೆ ನಿಲ್ಲಿಸಿ ಕೊಡಕ್ಕೆ ತಾವೇ ನೀರು ಸುರಿಯುತ್ತಿದ್ದರು. ಸೊಸೆ ಸಿದ್ದಕ್ಕ ಹಡೆದ ಮೇಲೆ, ಗಂಗೆಪೂಜೆಗೆಂದು ಈಗ ಒಪ್ಪಿದ್ದರು.

ಪೂಜೆ ನಾಳೆ. ಸಿದ್ದಕ್ಕನಿಗೆ ತಾಯಿಯಿಲ್ಲ. ಬಾಣಂತಿಯ ಕೈಹಿಡಿದು ಇಳಿಸಿ, ಪಾದ ಮುಳುಗುವಂತೆ ನಿಂತು ಅರಿಶಿನ ಕುಂಕುಮ ಬಿಡಬೇಕಾದವಳು ಅತ್ತೆಯೇ.

"ಅಕ್ಕಾರ, ಬಟ್ಟಿ ಉಲ್ಟಾ ಕಟ್ಟೀರೇನು?" ಖಾನಾಪುರದಿಂದ ಬರುವ ನರ್ಸ್ ಸಿತಾರಾ ಬಾಗಿಲಲ್ಲೇ ನಕ್ಕಳು. "ನಿನ್ನಿ ಸೋಸಿದ್ದೆಲ್ಲಾ ಇವತ್ತ ಗಡಿಗ್ಯಾಗ ಬೀಳತೈತಿ ನೋಡ್ರಿ!"

"ಇಲ್ರಿ ನರ್ಸಬಾಯಿ, ಮ್ಯಾಲಿನ ಬಾಜುಕ ಗುರ್ತಿಗೆ ದಾರ ಹೊಲದೀನಿ. ಕುಂದರ್ರಿ."

"ಮನ್ಯಾಗ ಯಾರಿಗೂ ಬೊಬ್ಬಿ ಇಲ್ಲಲ್ಲ? ಅಂಥಾ ಕಾಲು ನೀರಾಗಿಟ್ಟರ ಆ ನೀರು ಕುಡದವರಿಗೆ ಮುಂದಿನ ವರ್ಷ ಹುಳಾನ."

ನಿಜ ಹೇಳಿ, ಸಿತಾರಾ ಕಾಲಿಗೆ ಪಟ್ಟಿ ಕಟ್ಟಿದರೆ ಸಂಜೆಯೊಳಗೆ ಓಣಿಗೆಲ್ಲ ತಿಳಿಯುತ್ತದೆ. ಬಾಣಂತಿಯನ್ನೂ ಕೂಸನ್ನೂ ಮೆಟ್ಟಿಲಿಂದಲೇ ಹಿಂದೆ ಕಳಿಸುತ್ತಾರೆ. ಸಾತವ್ವ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

"ಯಾರಿಗೂ ಇಲ್ರಿ."

ಸಿತಾರಾ ಹೋದ ಮೇಲೆ ಆ ಮಾತು ಒಳಗಿಳಿಯಿತು. ಮುಂದಿನ ವರ್ಷ. ಚಂದ್ರವ್ವ ಕಾಲಿಟ್ಟ ನೀರನ್ನೇ ಅಂದು ತಾನು ಸೋಸದೆ ಕುಡಿದಿದ್ದಳು. ಮಗಳಿಂದ ತನ್ನ ಮೈಯಲ್ಲಿ ಉಳಿದದ್ದು ಇದೊಂದೇ. ನಾಳೆ ತಾನೂ ಆ ನೀರಿಗಿಳಿದರೆ ಮತ್ಯಾರದೋ ಮನೆಯ ಹುಡುಗಿ ಅವಳಂತೆಯೇ ಸಾಯಬೇಕಾದೀತು.

ಸಿದ್ದಕ್ಕ ಕೂಸನ್ನು ಎತ್ತಿಕೊಂಡು ಬಂದಳು. "ಅತ್ತಿ, ನಾಳಿ ಯಾವ ಸೀರಿ ಉಡತೀರಿ?"

"ನಾ ಬರೂದಿಲ್ಲ. ಬಾಜೂಮನಿ ಚಿಗವ್ವನ ಕೈ ಹಿಡಕೊಂಡು ಇಳಿ."

"ಯಾಕ್ರಿ?" ಸೊಸೆಯ ಮುಖ ಬಾಡಿತು. "ಹೆಣ್ಣು ಹುಟ್ಟೇತಂತೇನ್ರಿ?"

ಹೆಣ್ಣೆಂದು ತಿಳಿದ ದಿನ ಸಾತವ್ವ ಹಿತ್ತಲಿಗೆ ಹೋಗಿ ಖುಷಿಗೆ ಅತ್ತಿದ್ದಳು. ಕೂಸಿಗೆ ಚಂದ್ರವ್ವನ ಹೆಸರನ್ನೇ ಇಡಬೇಕೆಂದಿದ್ದಳು. ಈಗ ಅದನ್ನು ಹೇಳಿದರೆ ಬರದಿರುವುದಕ್ಕೆ ಬೇರೆ ಕಾರಣ ಕೊಡಬೇಕಾಗುತ್ತದೆ; ಬೊಬ್ಬೆಯ ಮಾತು ಹೊರಬಿದ್ದರೆ ಪೂಜೆಯೇ ತಪ್ಪುತ್ತದೆ.

ಹಾಗೇ ತಿಳಿದುಕೊಳ್ಳಲಿ ಎಂದುಕೊಂಡಳು. ಸೊಸೆಯ ಕಡೆ ನೋಡದೆ ಇನ್ನೊಂದು ಕೊಡ ಎತ್ತಿಕೊಂಡಳು.